ಅವ್ವನ ಜೋಡಿ ಎರಡು ದಿನ ವಿಜಾಪುರದಾಗ

ನಮ್ಮ ಓಣ್ಯಾಗ ನಳದ ನೀರು ಬರೂದು ವಾರಕ್ಕ ಒಮ್ಮೆ, ಅದೂ ಶನಿವಾರ. ಹಿಂಗಾಗಿ ಶನಿವಾರ ಮನಿ ಬಿಟ್ಟು ಹೋಗೂದಂದ್ರ ನನಗ ಭಾಳ ಕಷ್ಟ. ಬ್ಯಾರಲ್ಲು, ಹಂಡೆ, ತಾಮ್ರದ ಕೊಡ, ಕಡೀಕ ಅಡಗಿ ಮನ್ಯಾಗಿನ ಡಬರಿ ಸುದ್ದಾ ತುಂಬಿಸಿಟ್ಟ ಮ್ಯಾಲೇನ ನನಗ ಸಮಾಧಾನ. ಆದ್ರ ಹೋದ ತಿಂಗಳು ಬೆಂಗಳೂರಿನ ಮಗಳು ಫೋನ್ ಮಾಡಿ, "ಅವ್ವಾ, ನಿನಗೂ ಆಯಿಗೂ ವಿಜಯಪುರದಾಗ ಒಂದು ರೂಮ್ ಬುಕ್ ಮಾಡೀನಿ. ಶನಿವಾರ, ರವಿವಾರ ಹೋಗಿ ಬರ್ರಿ. ರೊಕ್ಕ ಕಟ್ಟಿದ್ದೂ ಆತು," ಅಂದ್ಲು. ಕಟ್ಟಿದ ರೊಕ್ಕ ಬಿಡಾಕ ನನ್ನ ಕಡಿಂದ ಆಗೂದಿಲ್ಲ ಅಂತ ಆಕಿಗೆ ಚಲೋ ಗೊತ್ತೈತಿ.

ನಮ್ಮ ಮನೆಯವ್ರು, "ನೀರು ನಾ ತುಂಬ್ತೀನಿ, ನೀ ಹೋಗು," ಅಂದ್ರು. ಮೂವತ್ತೈದು ವರ್ಷದಾಗ ಅವ್ರು ಒಮ್ಮೆನೂ ನೀರು ತುಂಬಿದವ್ರಲ್ಲ. ಯಾವ ಪಾತ್ರೆ ಮೊದಲು, ಯಾವುದು ಆಮ್ಯಾಲೆ ಅಂತ ಒಂದು ಚೀಟಿ ಬರದು ಫ್ರಿಜ್ಜಿಗೆ ಅಂಟಿಸಿ, ಶನಿವಾರ ನಸುಕಿನ ಬಸ್ಸಿಗೆ ಧಾರವಾಡ ಬಿಟ್ಟೆ.

ಬಾಗಲಕೋಟಿ ದಾಟಿ ಕೊಲ್ಹಾರಕ್ಕ ಬಂದ್ರ ಕೃಷ್ಣಾ ಹೊಳಿ ಮ್ಯಾಲೆ ಉದ್ದನ್ನ ಸೇತುವೆ. ಆಲಮಟ್ಟಿ ಹಿನ್ನೀರು ಎರಡೂ ಕಡೆ ಕಣ್ಣು ಹಾಯೂತನಕ ತುಂಬಿ ನಿಂತಿತ್ತು. ಗಡಿಗಿ ಮೊಸರು ಮಾರಾಕ ಬಂದವ್ರ ಕಡೆ ಎರಡು ಸಣ್ಣ ಗಡಿಗಿ ತಗೊಂಡೆ. ಕೊಲ್ಹಾರದ ಮೊಸರು ಗಡಿಗಿ ತಲೆಕೆಳಗ ಮಾಡಿದ್ರೂ ಬೀಳೂದಿಲ್ಲ ಅಂತಾರ. ನಾ ಹಂಗ ಮಾಡಿ ನೋಡ್ಲಿಲ್ಲ, ಉಟ್ಟಿದ್ದು ಹೊಸಾ ಸೀರಿ.

ನಮ್ಮ ತವರು ಇಂಡಿ ತಾಲೂಕಿನ ಒಂದು ಹಳ್ಳಿ. ಅಣ್ಣನ ಮಗ ಅವ್ವನ್ನ ಕರ್ಕೊಂಡು ಬಂದು ವಿಜಾಪುರ ಬಸ್ ಸ್ಟ್ಯಾಂಡಿನ್ಯಾಗ ಕಾಯಾಕತ್ತಿದ್ದ. ಊರಿನ ಹೆಸರು 2014ರಾಗ ವಿಜಯಪುರ ಅಂತ ಆಗೇತಿ, ಅವ್ವನ ಬಾಯಾಗ ಇನ್ನೂ ಇಜಾಪುರನ. ಆಕಿಗೆ ಈಗ 78. ಹುಟ್ಟಿದ್ದು, ಕೊಟ್ಟಿದ್ದು ಎಲ್ಲಾ ಇದ ಜಿಲ್ಲಾದಾಗ. ದವಾಖಾನಿಗೆ, ಸಿದ್ಧೇಶ್ವರ ಜಾತ್ರಿಗೆ, ಒಮ್ಮೆ ಹೊಲದ ಕೋರ್ಟ್ ಕೇಸಿಗೆ ಈ ಊರಿಗೆ ಬಂದಾಳ. ಗೋಳಗುಮ್ಮಟ ಮಾತ್ರ ಬಸ್ಸಿನ ಕಿಡಕಿಯಿಂದ ನೋಡಿದ್ದಷ್ಟ. "ಒಳಗ ಹೋಗಾಕ ನನಗೆಲ್ಲಿ ಪುರಸೊತ್ತು ಇತ್ತು?" ಅಂದ್ಲು.

ನನಗ ಈ ಊರು ಅಂದ್ರ ಬ್ಯಾರೇನ ನೆನಪು. ಪಿ.ಯು.ಸಿ. ಎರಡನೇ ವರ್ಷದಾಗ ಇತಿಹಾಸಕ್ಕ ನನಗ ನೂರಕ್ಕ 78 ಬಂದಿತ್ತು. ಮುಂದ ಬಿ.ಎ. ಮಾಡಬೇಕು, ಇತಿಹಾಸದ ಮಾಸ್ತರಿಣಿ ಆಗಬೇಕು ಅಂತಿದ್ದೆ. ಕಾಲೇಜಿನ ಅರ್ಜಿ ತಂದು ಟ್ರಂಕಿನ್ಯಾಗ ಇಟ್ಟಿದ್ದೆ. ಅದನ್ನ ತುಂಬೂದ್ರಾಗ ನನ್ನ ಮದುವಿ ಗೊತ್ತಾತು. ಅಪ್ಪ ನನ್ನ ಓದು ಬಿಡಿಸಿದ್ರು ಅಂತ ಒಂದು ಸಿಟ್ಟು ಹೊಟ್ಟ್ಯಾಗ ಉಳೀತು. ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆತು. ಕಡೀತನಕ ಅವ್ರ ಜೋಡಿ ನಾ ಮನಸ್ಸು ಬಿಚ್ಚಿ ಮಾತಾಡ್ಲೇ ಇಲ್ಲ.

ಲಾಜಿನ್ಯಾಗ ಚೀಲ ಇಟ್ಟು, ರೊಟ್ಟಿ, ಎಣಗಾಯಿ ಬದನೀಕಾಯಿ, ಆ ಗಡಿಗಿ ಮೊಸರು ಉಂಡು, ಸಂಜಿಮುಂದ ಟಾಂಗಾ ಹತ್ತಿ ಗೋಳಗುಮ್ಮಟಕ್ಕ ಹೋದ್ವಿ. ಇದು ಮುಹಮ್ಮದ್ ಆದಿಲ್ ಶಾಹನ ಗೋರಿ. ಅವ ಆಳಿದ್ದು 1627ರಿಂದ 1656ರವರೆಗೆ, ಬದುಕಿದ್ದಾಗನ ತನ್ನ ಗೋರಿ ಕಟ್ಟಿಸಾಕ ಹಚ್ಚಿದ್ದ. ಗುಮ್ಮಟದ ಹೊರಗಿನ ಅಗಲ ಸುಮಾರು 44 ಮೀಟರ್. ಇಷ್ಟು ದೊಡ್ಡ ಗುಮ್ಮಟದ ಕೆಳಗ ನಡಬರಕ ಒಂದೂ ಕಂಬ ಇಲ್ಲ. ಒಂದಕ್ಕೊಂದು ಹೆಣಕೊಂಡ ಕಮಾನುಗಳು ಆ ಭಾರ ಹೊತ್ತು ನಾಲ್ಕೂ ಕಡೆ ಗೋಡಿಗೆ ಹಂಚ್ತಾವು. ನಡುವಿನ ಕಟ್ಟಿ ಮ್ಯಾಲೆ ಕಾಣೂವು ಹೆಸರಿಗಷ್ಟ ಗೋರಿ, ಖರೇ ಗೋರಿ ಕೆಳಗಿನ ನೆಲಮಾಳಿಗ್ಯಾಗ ಅದಾವು. ಬಾದಶಹಾ, ಅವನ ಹೆಂಡ್ರು, ಮಗಳು, ಮೊಮ್ಮಗ, ಅವರ ಜೋಡಿ ನರ್ತಕಿ ರಂಭಾ, ಎಲ್ಲಾರೂ ಒಂದ ಕಡೆ.

ಮೂಲಿ ಮಿನಾರಿನ ಒಳಗಿನ ಇಕ್ಕಟ್ಟು ಪಾವಟಿಗಿ ಹತ್ತಿ ಏಳು ಅಂತಸ್ತು ಹೋಗಬೇಕು. ಅವ್ವನ ಮೊಣಕಾಲು ಆಗೂದಿಲ್ಲ ಅಂದ್ವು. "ನಾ ಇಲ್ಲೇ ಕುಂಡ್ರತೀನಿ, ನೀ ಹೋಗಿ ಬಾ ತಂಗಿ," ಅಂತ ಗೋಡಿಗೆ ಆತು ಕುಂತ್ಲು. ನಾ ನಾಲ್ಕು ಕಡೆ ನಿಂತು, ದಮ್ಮು ತಗೊಂಡು ಮ್ಯಾಲೆ ಹೋದೆ. ಪಿಸುಗುಟ್ಟುವ ಗ್ಯಾಲರಿ ಅಂತ ಹೆಸರು, ಶನಿವಾರ ಸಂಜಿ ಆಗಿದ್ದಕ್ಕ ಅಲ್ಲೆ ಪಿಸುಗುಟ್ಟೂದು ಯಾರಿಗೂ ಬೇಕಾಗಿರಲಿಲ್ಲ. ಸಾಲಿ ಹುಡುಗರು ಒದರಿದ್ದ ಒದರಿದ್ದು. ಏಳನೇ ಇಯತ್ತೆ ಟ್ರಿಪ್ಪಿನ್ಯಾಗ ನಾವೂ ಹಂಗ ಒದರಿದ್ವಿ. ಒಂದು ಗಳಿಗಿ ಗದ್ದಲ ನಿಂತಾಗ ಬಗ್ಗಿ ನೋಡಿ "ಅವ್ವಾ" ಅಂದೆ. ಏಳೆಂಟು ಸಲ ಹೊಳ್ಳಿ ಬಂತು. ಕೆಳಗ ಅವ್ವ ತಲಿ ಎತ್ತಿ ನೋಡಿದ್ಲು. ಅಷ್ಟು ಎತ್ತರದಿಂದ ಆಕಿ ಒಂದು ಸಣ್ಣ ಗಂಟು ಇಟ್ಟಂಗ ಕಂಡ್ಲು.

ಇಳದು ಬಂದು, "ಹ್ಯಾಂಗನಸ್ತು?" ಅಂತ ಕೇಳಿದೆ.

"ಭಾಳ ದೊಡ್ಡದೈತಿ," ಅಂದ್ಲು. ಆಮ್ಯಾಲೆ, "ಅಲ್ಲವಾ, ಇದಕ್ಕ ಎಷ್ಟು ಗಾರೆ ಬಿದ್ದಿರಬೇಕು? ಕಲಸಾಕ ನೀರು ಎಲ್ಲಿಂದ ತಂದ್ರು? ಕೆಲಸಾ ಮಾಡೋ ಅಷ್ಟೂ ಮಂದಿ ಕುಡ್ಯಾಕ ನೀರು? ನಮ್ಮ ಮೂರು ಅಂಕಣದ ಮನಿ ಕಟ್ಟೂ ಮುಂದ ಗೋಡಿಗೆ ನೀರು ಹೊಡದು ಹೊಡದು ನನ್ನ ಬೆನ್ನು ಬಿದ್ದಿತ್ತು," ಅಂದ್ಲು.

ನಾ ಇತಿಹಾಸಕ್ಕ 78 ತಗೊಂಡಾಕಿ. ಯಾವ ಬಾದಶಹಾ ಯಾವ ಇಸವಿ ಅಂತ ಗಡಗಡ ಹೇಳ್ತಿದ್ದೆ. ಈ ಪ್ರಶ್ನೆ ನನ್ನ ತಲ್ಯಾಗ ಒಮ್ಮೆನೂ ಬಂದಿರಲಿಲ್ಲ.

ರಾತ್ರಿ ಲಾಜಿನ್ಯಾಗ ಅವ್ವ ಮಲಗೂಕಿಂತ ಮೊದಲು ಬಚ್ಚಲದಾಗಿನ ಎರಡೂ ಬಕೀಟು ತುಂಬಿಸಿದ್ಲು. "ಇಲ್ಲೆ ದಿನಪೂರ್ತಿ ನೀರು ಬರ್ತೈತಿ ಬೇ," ಅಂದ್ರ, "ಇರಲಿ, ತುಂಬಿದ್ರ ಏನು ಕೆಡ್ತೈತಿ," ಅಂದು ನಳ ಎರಡೆರಡು ಸಲ ಬಿಗಿ ಮಾಡಿ ಬಂದ್ಲು. ನಾ ಮೊಬೈಲಿನ್ಯಾಗ ಈ ಊರಿನ ನೀರಿನ ಕಥಿ ಹುಡುಕಿ, ಓದಿಕೋತ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ.

ವಿಜಾಪುರ ಬಯಲುಸೀಮಿ ಊರು. ಮಳಿ ಕಮ್ಮಿ, ದೊಡ್ಡ ಹೊಳಿ ಊರ ಸನೇಕ ಒಂದೂ ಇಲ್ಲ. ಕೃಷ್ಣಾ ದಕ್ಷಿಣಕ್ಕ ದೂರ, ಭೀಮಾ ಉತ್ತರಕ್ಕ ದೂರ. ಇಂಥಾ ಊರಾಗ ಆದಿಲ್ ಶಾಹಿಗಳು 1490ರಿಂದ 1686ರವರೆಗೆ, ಹತ್ತಿರ ಹತ್ತಿರ 200 ವರ್ಷ ರಾಜಧಾನಿ ನಡೆಸಿದ್ರು. 1565ರಾಗ ರಕ್ಕಸಗಿ-ತಂಗಡಗಿ ಯುದ್ಧ ಆಗಿ ವಿಜಯನಗರ ಹಾಳಾತು. ಗೆದ್ದವ್ರಾಗ ಇಲ್ಲಿನ ಮೊದಲನೇ ಅಲಿ ಆದಿಲ್ ಶಾಹನೂ ಒಬ್ಬ. ಆಮ್ಯಾಲೆ ಈ ಊರಿಗೆ ರೊಕ್ಕ ಬಂತು, ಮಂದಿ ಬಂದ್ರು. ಜಾಮಿಯಾ ಮಸೀದಿ ಎದ್ದಿದ್ದೂ ಅವನ ಕಾಲದಾಗ. ಬಂದ ಮಂದಿಗೆಲ್ಲಾ ನೀರು ಬೇಕಾತು. ಅವ 1579ರಾಗ ಚಾಂದ್ ಬಾವಡಿ ಕಟ್ಟಿಸಿ ತನ್ನ ಹೇಣ್ತಿ ಚಾಂದ್ ಬೀಬಿ ಹೆಸರು ಇಟ್ಟ. ಮುಂದ ಅಹಮದ್‌ನಗರದ ಕೋಟಿ ಒಳಗ ನಿಂತು ಅಕ್ಬರನ ಸೈನ್ಯ ತಡದಾಕಿ ಇದ ಚಾಂದ್ ಬೀಬಿ. ಸಾಲಿ ಪುಸ್ತಕದಾಗ ಆಕಿ ಯುದ್ಧ ಓದಿದ್ದೆ, ಬಾವಡಿ ಓದಿರಲಿಲ್ಲ.

ಬಾವಡಿ ಒಂದಕ್ಕ ರಾಜಧಾನಿ ನೀರಡಿಕಿ ಹೋಗೂದಿಲ್ಲ. ಪಶ್ಚಿಮಕ್ಕ ತೊರವಿ ಅಂತ ಊರೈತಿ. ಅಲ್ಲಿಂದ ನೆಲದೊಳಗ ಸುರಂಗ ಕೊರದು, ನಡುನಡುವ ಗಾಳಿಗೆ, ಹೂಳು ತೆಗ್ಯಾಕ ಬಾವಿ ಇಟ್ಟು ಊರಿಗೆ ನೀರು ತಂದ್ರು. ಪರ್ಶಿಯಾ ಕಡಿಂದ ಬಂದ ಈ ವಿದ್ಯಾಕ್ಕ ಕರೇಜ್ ಅಂತ ಹೆಸರು, ನಮ್ಮ ಮಂದಿ ಸುರಂಗ ಬಾವಡಿ ಅಂತಾರ. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹ 1651ರಾಗ ಊರ ದಕ್ಷಿಣಕ್ಕ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವಿ ಜೋಡಿಸಿ, ಸುತ್ತಲೂ ಗಾರೆ ಕಲ್ಲಿನ ಕವಚ ಹಾಕಿ, ನೆಲದಾಗ ಆಳಕ್ಕ ಹೂಳಿ ಊರೊಳಗ ನೀರು ಹರಿಸಿದ್ರು. ಸಾತ್ ಮಂಜಿಲ್ ಅನ್ನೋ ಅರಮನಿಯ ಮ್ಯಾಲಿನ ಅಂತಸ್ತಿಗೂ ಕೊಳವಿ ಹೋಗಿದ್ವು.

ರವಿವಾರ ಮುಂಜಾನೆ ಇದನ್ನೆಲ್ಲಾ ಅವ್ವಗ ಟಾಂಗಾದಾಗ ಹೇಳಿಕೋತ ಹೊಂಟಿದ್ದೆ. ಟಾಂಗಾ ಕಾಕಾ ಕೇಳಿಸಿಕೊಂಡು, "ಗಂಜ್ ತೋರಸ್ತೀನಿ ಬರ್ರಿ," ಅಂತ ಒಂದು ಕಡೆ ನಿಲ್ಲಿಸಿದ. ಚೌಕನೆಯ ಕಲ್ಲಿನ ಗೋಪುರ, ಎರಡಂತಸ್ತಿನ ಮನಿಗಿಂತ ಎತ್ತರ. ದೂರದಿಂದ ಇಳಕಲಿಗೆ ಬರೋ ನೀರಿನ ಒತ್ತಡಕ್ಕ ಮಣ್ಣಿನ ಕೊಳವಿ ಒಡೀತಾವು. ಅದಕ್ಕ ನಡುನಡುವ ಇಂಥಾ ಗಂಜ್ ಕಟ್ಟಿದ್ರು. ನೀರು ಇದರೊಳಗ ಏರಿ ಒತ್ತಡ ಕಳಕೊಂಡು ಮುಂದ ಹೋಗ್ತಿತ್ತು, ಬಂದ ರಾಡಿ ಕೆಳಗ ಕುಂಡ್ರತಿತ್ತು. ಅವ್ವಗ ಇದನ್ನ ತಿಳಿಸಿ ಹೇಳೂದೇ ಬೇಕಾಗಲಿಲ್ಲ. "ಹೊಂಡದ ಕೆಂಪು ನೀರು ಹರವಿಗೆ ಹಾಕಿ ರಾತ್ರಿ ಬಿಟ್ರ ಮುಂಜಾನೆ ತಿಳಿ ಆಗೂದಿಲ್ಲೇನು? ಇದು ದೊಡ್ಡ ಹರವಿ," ಅಂದ್ಲು.

ಅಲ್ಲಿಂದ ಮಕ್ಕಾ ದರವಾಜಿ ಕಡೆ ತಾಜ್ ಬಾವಡಿಗೆ ಹೋದ್ವಿ. 1620ರಾಗ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಾಗ, ಅವನ ರಾಣಿ ತಾಜ್ ಸುಲ್ತಾನಾ ಹೆಸರಿಲೆ ಮಲಿಕ್ ಸಂದಲ್ ಕಟ್ಟಿಸಿದ್ದು. ಎದುರಿಗೆ ದೊಡ್ಡ ಕಮಾನು, ಎರಡೂ ಮಗ್ಗಲಕ್ಕ ಎಂಟು ಮೂಲಿ ಬುರುಜು, ಅದರ ಆಚೀಚೆ ದಾರಿಹೋಕರು ತಂಗಾಕ ಕೋಣಿಗಳು. ಕಮಾನಿನ ಒಳಗಿಂದ ಎರಡೂ ಕಡೆ ಪಾವಟಿಗಿ ನೀರಿಗೆ ಇಳೀತಾವು. ಬಾವಡಿ ಒಂದೊಂದು ಮಗ್ಗಲ ಸುಮಾರು 220 ಅಡಿ, ಆಳ 50 ಅಡಿ. ನಮ್ಮ ಓಣ್ಯಾಗಿನ ಹತ್ತಿಪ್ಪತ್ತು ಮನಿ ಎತ್ತಿ ಇದರಾಗ ಇಡಬಹುದು. ಮೊದಲು ಇಲ್ಲೆ ಗಣಪತಿ ಬಿಡೂದು, ಕಸಾ ಚೆಲ್ಲೂದು ನಡೀತಿತ್ತು, ಕೆಲವು ವರ್ಷದ ಹಿಂದ ಹೂಳು ತೆಗದು ಸ್ವಚ್ಛ ಮಾಡ್ಯಾರ.

ಅವ್ವ ಮೊದಲನೇ ಪಾವಟಿಗಿ ಮ್ಯಾಲೇ ಕುಂತು ನೀರು ನೋಡಿಕೋತ ಭಾಳ ಹೊತ್ತು ಸುಮ್ಮನಿದ್ಲು. ಗೋಳಗುಮ್ಮಟ ನೋಡಿದಾಗ ಆಕಿ ಮುಖ ಹಂಗ ಆಗಿರಲಿಲ್ಲ.

"ಎಪ್ಪತ್ತೆರಡರ ಬರದಾಗ ನೀ ಕಂಕುಳಾಗಿನ ಕೂಸು," ಅಂದ್ಲು. "ನಮ್ಮೂರ ಬಾವಿ ಎಲ್ಲಾ ತಳ ಕಂಡಿದ್ವು. ನಸುಕಿನ್ಯಾಗ ಎರಡು ಮೈಲಿ ಹೋಗಿ, ಹಳ್ಳದ ಉಸುಕಿನ್ಯಾಗ ವರ್ತಿ ತೋಡಿ, ಚರಗಿಲೆ ಗೋರಿ ಗೋರಿ ಕೊಡ ತುಂಬ್ತಿದ್ವಿ. ಹೊತ್ತೇರಿದ ಮ್ಯಾಲೆ ಬರದ ಕಾಮಗಾರಿಗೆ ಕಲ್ಲು ಒಡ್ಯಾಕ ಹೋಗೂದು. ನಿನ್ನ ಗಿಡದ ನೆರಳಿಗೆ ಜೋಳಿಗಿ ಕಟ್ಟಿ ಮಲಗಸ್ತಿದ್ದೆ. ಒಂದಿನ ಹೊಳ್ಳಿ ಬರೂ ಮುಂದ ಕಾಲು ಎಡವಿ ಕೊಡ ಒಡೀತು. ಕೂತು ಅತ್ತೆ. ಕೊಡದ ಸಲುವಾಗಿ ಅಲ್ಲ, ನೀರಿನ ಸಲುವಾಗಿ."

ಈ ಕಥಿ ನನಗ ಯಾವತ್ತೂ ಹೇಳಿರಲಿಲ್ಲ. ಆ ಹೊತ್ತಿನ್ಯಾಗ ನನಗೂ ಧೈರ್ಯ ಬಂತು. "ಅವ್ವಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಅಪ್ಪ ನನ್ನ ಕಾಲೇಜು ಯಾಕ ಬಿಡಿಸಿದ್ರು?" ಅಂದೆ.

ಅವ್ವ ನನ್ನ ಕಡೆ ನೋಡಲಿಲ್ಲ. "ನಿಮ್ಮಪ್ಪ ಬಿಡಿಸಲಿಲ್ಲವಾ. ನಾ ಬಿಡಿಸಿದ್ನಿ," ಅಂದ್ಲು.

"ವರನ ಮನಿ ನೋಡಾಕ ಧಾರವಾಡಕ್ಕ ಹೋಗಿದ್ವಲ್ಲ, ಆವಾಗ ನಿಮ್ಮತ್ತಿ ನನ್ನ ಹಿತ್ತಲಕ್ಕ ಕರ್ಕೊಂಡು ಹೋದ್ರು. ಅಲ್ಲೆ ನಳ ಇತ್ತು. ಕೈಕಾಲು ತೊಳಕೋರಿ ಅಂತ ತಿರುವಿದ್ರು, ನೀರು ಧೋ ಅಂತ ಬಂತು. ನಾ ಮತ್ತ ಏನೂ ಕೇಳಲಿಲ್ಲ. ಹುಡುಗನ ಪಗಾರ ಕೇಳಲಿಲ್ಲ, ಹೊಲ ಕೇಳಲಿಲ್ಲ. ನಿಮ್ಮಪ್ಪ, ಹುಡುಗಿ ಶ್ಯಾಣ್ಯಾಕಿ ಅದಾಳ, ಇನ್ನೊಂದು ಎರಡು ವರ್ಷ ತಡೀಯೂಣು ಅಂದ್ರು. ನಾ ಅಂದ್ನಿ, ನಳದ ಮನಿ ನಮ್ಮ ಸಲುವಾಗಿ ಎರಡು ವರ್ಷ ಕಾಯೂದಿಲ್ಲ, ನನ್ನ ಮಗಳ ತಲಿ ಮ್ಯಾಲೆ ಕೊಡ ಬರೂದು ಬ್ಯಾಡ ಅಂತ."

ನನಗ ಮಾತು ಹೊರಡಲಿಲ್ಲ. ಮೂವತ್ತೈದು ವರ್ಷ ಅಪ್ಪನ ಮ್ಯಾಲೆ ಸಿಟ್ಟು ಇಟ್ಕೊಂಡಿದ್ದೆ. ಅವ್ರು ಒಮ್ಮೆನೂ, ಅದು ನಾನಲ್ಲ, ನಿಮ್ಮವ್ವ ಅಂತ ಹೇಳಲಿಲ್ಲ. ಅವ್ವನ ಮ್ಯಾಲೆ ಈಗ ಸಿಟ್ಟು ಮಾಡಬೇಕು ಅಂದ್ರ ಆ ಒಡದ ಕೊಡ ಕಣ್ಣ ಮುಂದ ಬರ್ತೈತಿ. ಸಿಟ್ಟು ಎಲ್ಲಾ ಹೋತು ಅಂತ ನಾ ಸುಳ್ಳು ಹೇಳೂದಿಲ್ಲ. ಆ ಅರ್ಜಿ ಟ್ರಂಕಿನ್ಯಾಗ ಇದ್ದದ್ದು ನನಗ ಇನ್ನೂ ಕಾಣಸ್ತೈತಿ. ಆದ್ರ ಆವತ್ತು ಆಕಿ ಮಗ್ಗಲಕ್ಕ ಸರದು ಕುಂತೆ. ಟಾಂಗಾ ಕಾಕಾ ಬಂದು ಕರಿಯೂತನಕ ಇಬ್ಬರೂ ನೀರು ನೋಡಿದ್ವಿ.

ಮಕ್ಕಾ ದರವಾಜಿ ದಾಟಿದ್ರ ಇಬ್ರಾಹಿಂ ರೋಜಾ. ಅದನ್ನೂ ಕಟ್ಟಿದವ ಅದ ಮಲಿಕ್ ಸಂದಲ್. ಬಾದಶಹಾ ತನ್ನ ರಾಣಿ ತಾಜ್ ಸುಲ್ತಾನಾ ಸಲುವಾಗಿ ಶುರು ಮಾಡಿಸಿದ ಗೋರಿ, 1627ರಾಗ ಅವನ ಮೊದಲು ತೀರಿಕೊಂಡು ಅದರಾಗ ಮಲಗಿದ. ಈ ಇಬ್ರಾಹಿಂ ಸಂಗೀತದ ಹುಚ್ಚಿನವ, ತಾ ಬರದ ಕಿತಾಬ್-ಎ-ನೌರಸ್‌ದಾಗ ಸರಸ್ವತಿ, ಗಣಪತಿಯನ್ನ ಸ್ತುತಿ ಮಾಡ್ಯಾನ. ಕಲ್ಲಿನ ಕಿಡಕಿಯೊಳಗ ಅಕ್ಷರಾನ ಜಾಳಿಗಿ ಆಗ್ಯಾವು. ಕಲ್ಲಿನ ಮ್ಯಾಲೆ ಮಲಿಕ್ ಸಂದಲ್‌ನ ಹೆಸರೂ ಐತಿ, ಖರ್ಚಿನ ಲೆಕ್ಕಾನೂ ಐತಿ, ಒಂದೂವರಿ ಲಕ್ಷ ಹೊನ್ನಿಗೆ ಒಂಬತ್ತುನೂರು ಕಮ್ಮಿ. ನಾ ಲೆಕ್ಕ ಓದಿ ಹೇಳಿದ್ದಕ್ಕ ಅವ್ವ, "ಒಂಬತ್ತುನೂರು ಉಳಿಸ್ಯಾನಲ್ಲ, ಶ್ಯಾಣ್ಯಾ," ಅಂದ್ಲು. ಇಬ್ಬರೂ ನಕ್ವಿ.

ಮಧ್ಯಾಹ್ನ ಗಗನ ಮಹಲಿನ ದೊಡ್ಡ ಕಮಾನಿನ ಮುಂದ ಹುಲ್ಲಿನ ಮ್ಯಾಲೆ ಕುಂತು ಮಾದಲಿ ತಿಂದ್ವಿ. ಈ ರಾಜಧಾನಿ ಕಥಿ ಮುಗದಿದ್ದು ಇಲ್ಲೆ. ಔರಂಗಜೇಬನ ಸೈನ್ಯ 1685ರಾಗ ಮುತ್ತಿಗಿ ಹಾಕಿತು. ಸುಮಾರು ಹತ್ತು ಕಿಲೋಮೀಟರ್ ಸುತ್ತಳತಿಯ ಕೋಟಿ ಒಂದು ವರ್ಷಕ್ಕೂ ಮ್ಯಾಲೆ ತಡೀತು. ಕಡೀಕ 1686ರ ಸೆಪ್ಟೆಂಬರ್ 12ಕ್ಕ ಸಿಕಂದರ್ ಆದಿಲ್ ಶಾಹ ಶರಣಾದ. ನಾಲ್ಕು ವರ್ಷದವ ಇದ್ದಾಗ ಗಾದಿಗೆ ಕೂಡಿಸಿದ್ರು, ರಾಜ್ಯ ಕಳಕೊಂಡಾಗ ಹದಿನೆಂಟು. ನನ್ನ ಮದುವಿ ಗೊತ್ತಾದಾಗಿನ ವಯಸ್ಸು.

ದರ್ಬಾರು ಹೋದ ಮ್ಯಾಲೆ ಮಂದಿನೂ ಹೋದ್ರು. ಕೊಳವಿ ರಿಪೇರಿ ಮಾಡಸವ್ರು ಇಲ್ಲದ ಗಂಜ್ ಒಣಗಿದ್ವು, ಸುರಂಗದಾಗ ಹೂಳು ತುಂಬಿತು. 1876ರಿಂದ 1878ರವರೆಗಿನ ದೊಡ್ಡ ಬರದಾಗ ಈ ಸೀಮಿ ಮಂದಿ ಹುಳದಂಗ ಸತ್ರು. 1885ರಾಗ ಬ್ರಿಟಿಷರು ಜಿಲ್ಲಾ ಕಚೇರಿನ ಕಲಾದಗಿಯಿಂದ ಇಲ್ಲಿಗೆ ತಂದ ಮ್ಯಾಲೆ ಊರು ಹಗೂರಕ ಮತ್ತ ಬೆಳೀತು. ಈಗ ಕೃಷ್ಣಾ ನೀರು ಬರ್ತೈತಿ.

ನೀವೂ ಎರಡು ದಿನ ಬಿಡುವು ಮಾಡಿಕೊಂಡು ಹೋಗ್ರಿ. ಗೋಳಗುಮ್ಮಟ ನೋಡಾಕ ಗದ್ದಲ ಇರದಂಗ ಮುಂಜಾನೆ ಬೇಗ ಹೋಗ್ರಿ, ನಮ್ಮಂಗ ಸಂಜಿಗೆ ಹೋಗಬ್ಯಾಡ್ರಿ. ವಯಸ್ಸಾದವ್ರನ್ನ ಕರ್ಕೊಂಡು ಹೋದ್ರ ಟಾಂಗಾ ಹತ್ತಿಸೂ ಮುಂದ ಹಿಡಕೋರಿ, ಪಾವಟಿಗಿ ಎತ್ತರ ಇರ್ತೈತಿ. ತಾಜ್ ಬಾವಡಿ ಮಾತ್ರ ಬಿಡಬ್ಯಾಡ್ರಿ. ಬಾದಶಹಾರ ಹೆಸರು ಗೋರಿ ಮ್ಯಾಲೆ ಐತಿ. ನೂರಾರು ವರ್ಷ ಈ ಪಾವಟಿಗಿ ಹತ್ತಿ ಇಳದು ಕೊಡ ಹೊತ್ತಾಕಿ ಹೆಸರು ಯಾವ ಕಲ್ಲಿನ ಮ್ಯಾಲೂ ಇಲ್ಲ.

ರವಿವಾರ ಸಂಜಿಮುಂದ ಅಣ್ಣನ ಮಗ ಬಂದು ಅವ್ವನ್ನ ಕರ್ಕೊಂಡು ಹೋದ. ನಾ ರಾತ್ರಿ ಹನ್ನೊಂದಕ್ಕ ಮನಿ ಮುಟ್ಟಿದೆ. ಬ್ಯಾರಲ್ಲು, ಹಂಡೆ ಎಲ್ಲಾ ತುಂಬಿದ್ವು. ಕುಡಿಯೂ ನೀರಿನ ತಾಮ್ರದ ಕೊಡ ಒಂದು ಖಾಲಿ. ಚೀಟ್ಯಾಗ ನಾನ ಬರಿಯೂದು ಮರತಿದ್ದೆ, ಹಿಂಗಾಗಿ ಮನೆಯವ್ರಿಗೆ ಏನೂ ಅನ್ನಾಕ ಬರಲಿಲ್ಲ. ಸೋಮವಾರ ಮುಂಜಾನೆ ಪೂಜಾ ಮಾಡೂ ಮುಂದ ಅಪ್ಪನ ಫೋಟೋಕ್ಕ ಮಲ್ಲಿಗಿ ಹಾಕಿ ಸ್ವಲ್ಪ ಹೊತ್ತು ನಿಂತೆ. ಅಷ್ಟ್ರಾಗ ಫೋನ್ ಬಾರಿಸ್ತು. ಅವ್ವ. ಅರಾಮ ಮುಟ್ಟಿದ್ಯೇನು ಅಂತ ಸುದ್ದಾ ಕೇಳಲಿಲ್ಲ.

"ಶನಿವಾರ ನಳ ಬಂದಿತ್ತೇನು?" ಅಂದ್ಲು.

"ಬಂದಿತ್ತವ್ವಾ," ಅಂದೆ. "ತುಂಬ್ಯಾರ."